ಸುತ್ತಲೂ ಕೆಂಪಿನ ಲಂಗ

ನಾರ್ವಿಚ್,
ಮಹಾರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ಮೂವತ್ತೊಂದನೇ ವರ್ಷ,
ಜೂನ್ ತಿಂಗಳು, ಮೇಯರ್ ಹಬ್ಬದ ಮರುದಿನ ಬೆಳಿಗ್ಗೆ

ಪ್ರೀತಿಯ ಮಾರ್ಜರಿ ಅಕ್ಕನಿಗೆ,

ಇಲ್ಲ ಅಕ್ಕ, ನೀನು ಹೇಳುವುದನ್ನು ನಾನು ಒಪ್ಪುವುದಿಲ್ಲ. ಜೆಫ್ರಿ ಚಿಕ್ಕಪ್ಪನ ದೋಣಿಯಲ್ಲಿ ಒಬ್ಬ ಆಳಿನ ಜಾಗ ಖಾಲಿ ಇರಬಹುದು. ಅಲ್ಲಿ ಕೂತು ಬಲೆ ಎಳೆದರೆ ಅಪ್ಪ ನನ್ನನ್ನು ಮತ್ತೆ ಮಗ ಅಂತ ಕರೆಯಲೂಬಹುದು. ಆದರೂ ನಾನು ಬರುವುದಿಲ್ಲ. "ಹೆಂಗಸರ ಲಂಗ ತೊಡೆ ಮೇಲೆ ಹಾಕ್ಕೊಂಡು ಕೂರೋ ಗಂಡಸನ್ನ ಎಲ್ಲಾದ್ರೂ ನೋಡಿದೀಯಾ" ಅಂತ ಅಪ್ಪ ನಿನ್ನನ್ನು ಕೇಳಿದ ಅಂತ ಬರೆದಿದ್ದೀಯ. ನಾನು ನೋಡಿದ್ದೇನೆ. ನಮ್ಮ ಬೀದಿಯಲ್ಲಿ ಮನೆಗೊಬ್ಬ ಇದ್ದಾನೆ. ಎಲ್ಲರಿಗೂ ಗಡ್ಡ ಇದೆ, ಹೆಂಡತಿ ಮಕ್ಕಳಿದ್ದಾರೆ, ಒಬ್ಬನಂತೂ ರಜೆ ಬಂದರೆ ಸಾಕು, ಕುಸ್ತಿಗೆ ಇಳಿಯುತ್ತಾನೆ. ಹರಿದ ಬಲೆ ಸರಿಮಾಡುವಾಗ ಅಪ್ಪನೂ ಸೂಜಿ ಹಿಡಿಯುತ್ತಾನಲ್ಲ? ಮೀನಿಗಾಗಿ ಹೊಲಿದರೆ ಗಂಡಸು, ಮನುಷ್ಯರಿಗಾಗಿ ಹೊಲಿದರೆ ಅಲ್ಲ, ಇದು ಯಾವ ಊರಿನ ನ್ಯಾಯ?

ನೋಡು, ಜಗಳ ಮೊದಲು ಬಂತು, ಕುಶಲ ಹಿಂದೆ ಉಳಿಯಿತು. ಬೇಜಾರು ಮಾಡಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ಚಳಿಗಾಲದ ಕೆಮ್ಮು ಹೋಗಿದೆ. ನೀನು, ವಾಲ್ಟರ್ ಭಾವ, ಪುಟ್ಟ ಆ್ಯನಿಸ್ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಗಾಡಿಯ ನೆಡ್ ತಂದುಕೊಟ್ಟ ನಿನ್ನ ಪತ್ರಕ್ಕೆ ಈಸ್ಟರ್ ಹೊತ್ತಿಗೇ ಉತ್ತರ ಬರೆಯಬೇಕಿತ್ತು. ಬರೆಯಲಿಲ್ಲ. ಅದಕ್ಕೆ ಕಾರಣ ಒಂದು ಲಂಗ. ನಗಬೇಡ, ನಿಜ ಹೇಳುತ್ತಿದ್ದೇನೆ. ಅದು ಮುಗಿಯುವ ತನಕ ನನ್ನ ಕೈಗೆ ಬೇರೆ ಏನೂ ಹಿಡಿಸಲಿಲ್ಲ.

ನೀನು ಕೊನೆಯಲ್ಲಿ ಬರೆದಿದ್ದೆಯಲ್ಲ, "ಮೇಯರ್ ಹಬ್ಬಕ್ಕೆ ಏಡಿ ಮಾರೋ ನೆಪ ಹೇಳಿ ಅಪ್ಪನನ್ನ ಅಲ್ಲಿಗೆ ಕಳಿಸ್ತೀನಿ. ನಿನ್ನ ಕೆಲಸ ಕಣ್ಣಾರೆ ನೋಡ್ಲಿ. ನೋಡಿದ ಮೇಲೂ ಅವನ ಮನಸ್ಸು ತಿರುಗದಿದ್ರೆ ನೀನು ಹಟ ಬಿಟ್ಟು ಊರಿಗೆ ಬಾ" ಅಂತ. ಆ ಮಾತು ನನ್ನ ತಲೆಯಲ್ಲೇ ಕೂತಿತ್ತು. ಅಪ್ಪ ಬಂದ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಲಂಗದ ಕಥೆ ಕೇಳು.

ನೀನು ಉಡುವುದು ಒಂದೇ ಕೆಂಪು ಉಣ್ಣೆಯ ಲಂಗ, ಅದು ಒಳಗಿನದೂ ಹೌದು ಹೊರಗಿನದೂ ಹೌದು. ಇಲ್ಲಿಯ ದೊಡ್ಡ ಮನೆಯ ಹೆಂಗಸರದು ಬೇರೆ. ಮೊದಲು ಜೊಂಡಿನ ಬಳೆ ಕಟ್ಟಿದ ಗಂಟೆಯಂಥ ಒಂದು ಗೂಡು. ಅದರ ಮೇಲೆ ಒಳಲಂಗ. ಅದರ ಮೇಲೆ ನೆಲ ಗುಡಿಸುವ ಗೌನು. ಗೌನು ಮುಂಭಾಗದಲ್ಲಿ ಅರ್ಧ ತೆರೆದ ಬಾಗಿಲಿನ ಹಾಗೆ ಬಿಟ್ಟುಕೊಂಡಿರುತ್ತದೆ, ಆ ಸಂದಿಯಲ್ಲಿ ಒಳಲಂಗ ಕಾಣುತ್ತದೆ. ಅಷ್ಟು ಭಾಗಕ್ಕೆ ಮಾತ್ರ ರೇಷ್ಮೆ. ಗೌನಿನ ಕೆಳಗೆ ಮುಚ್ಚಿಹೋಗುವ ಪಕ್ಕಕ್ಕೂ ಬೆನ್ನಿಗೂ ಒರಟು ಕ್ಯಾನ್ವಾಸು. ಇದು ಮೋಸ ಅಲ್ಲ, ಉಡುವವರೇ ಹಾಗೆ ಹೊಲಿಸಿಕೊಳ್ಳುತ್ತಾರೆ. ನಮ್ಮ ದರ್ಜಿ ಅಂಗಡಿಯ ಆಂಬ್ರೋಸ್ ಯಜಮಾನರು ಬಾಯಿ ಬಿಟ್ಟರೆ ಅದೇ ಮಾತು: "ಕಾಣೋ ಕಡೆ ರೇಷ್ಮೆ, ಕಾಣದ ಕಡೆ ಗೋಣಿ. ನಮ್ಮಜ್ಜ ಹಾಗೇ ಹೊಲಿದ, ನಮ್ಮಪ್ಪ ಹಾಗೇ ಹೊಲಿದ, ಇಬ್ಬರೂ ಸ್ವರ್ಗಕ್ಕೇ ಹೋದ್ರು."

ಈ ವರ್ಷ ಮೇಯರ್ ಆಗುವವರ ಹೆಂಡತಿ ಅರ್ಸುಲಾ ಅಮ್ಮಾವ್ರು ನಮ್ಮ ಅಂಗಡಿಗೆ ಬಂದರು. ದಪ್ಪ ಹೆಂಗಸು, ದಪ್ಪ ದನಿ. ಬಣ್ಣ ಅದ್ದುವವನ ಮಗಳು ಅಂತ ಉಳಿದ ದೊಡ್ಡ ಮನೆಯವರು ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಹೊಸ ಮೇಯರ್ ಅಧಿಕಾರಕ್ಕೆ ಬರುವ ಹಬ್ಬದ ಮೆರವಣಿಗೆಗೆ ಹೊಸ ಒಳಲಂಗ ಬೇಕಿತ್ತು. ಯಜಮಾನರು ಹೂಬುಟ್ಟದ ರೇಷ್ಮೆ ಬಿಚ್ಚಿ ಹರಡಿದರು. ಅಮ್ಮಾವ್ರು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು.

"ಚೆನ್ನಾಗಿದೆ. ಇದು ಎಲ್ಲಿ ತನಕ ಬರುತ್ತೆ?"

"ಮುಂದುಗಡೆ ಪೂರ್ತಿ ಅಮ್ಮಾವ್ರೇ. ಗೌನು ಎಷ್ಟು ತೆರೆದಿರುತ್ತೋ ಅದಕ್ಕಿಂತ ಒಂದು ಗೇಣು ಜಾಸ್ತಿನೇ."

"ಹಿಂದುಗಡೆ?"

"ಒಳ್ಳೆ ಗಟ್ಟಿ ಕ್ಯಾನ್ವಾಸು. ನಗರಸಭೆಯ ಹಿರಿಯ ಸದಸ್ಯರ ಮನೆಯೋರೆಲ್ಲ ಅದನ್ನೇ ಹಾಕಿಸಿದಾರೆ. ಹಿಂದೆ ಯಾರು ನೋಡ್ತಾರೆ?"

"ಅಂದ್ರೆ ಮುಂದುಗಡೆ ಮೇಯರ್ ಹೆಂಡ್ತಿ, ಹಿಂದುಗಡೆ ಉಪ್ಪಿನ ಮೂಟೆ."

ನಾನು ಹಲಗೆಯ ಮೇಲೆ ಕಾಲು ಮಡಚಿ ಕೂತು ಒಂದು ಅಂಗಿಗೆ ತೋಳು ಜೋಡಿಸುತ್ತಿದ್ದೆ. ನಗು ತಡೆಯಲಾಗಲಿಲ್ಲ. ನನ್ನ ಬಾಯಿ ನಿನಗೆ ಗೊತ್ತಲ್ಲ, ನಕ್ಕ ಮೇಲೆ ಮಾತೂ ಹೊರಗೆ ಬಂತು.

"ಅಮ್ಮಾವ್ರೇ, ಈ ರೇಷ್ಮೆಗೆ ಆಗೋ ಖರ್ಚಲ್ಲಿ ಒಳ್ಳೆ ಕಡುಗೆಂಪು ಉಣ್ಣೆ ಬರುತ್ತೆ. ಸುತ್ತಲೂ ಬರುತ್ತೆ."

ಯಜಮಾನರು ನನ್ನ ಕಡೆ ತಿರುಗಿದ ರೀತಿ ಹೇಗಿತ್ತೆಂದರೆ, ಇಸ್ತ್ರಿಪೆಟ್ಟಿಗೆ ಕೈಯಲ್ಲಿದ್ದಿದ್ದರೆ ನನ್ನ ಮೇಲೇ ಇಡುತ್ತಿದ್ದರು. "ಕೆಂಪು ಉಣ್ಣೆ ಹಳ್ಳಿ ಹೆಂಗಸರಿಗೆ ಕಣೋ. ಮೀನು ಮಾರೋರು ಉಡ್ತಾರೆ."

"ಹೌದು ಯಜಮಾನ್ರೇ. ನಮ್ಮಮ್ಮ ಉಡ್ತಿದ್ಲು."

"ನಿಮ್ಮಮ್ಮ ಮೀನು ಮಾರ್ತಿದ್ಳೇನೋ?" ಅಂತ ಅಮ್ಮಾವ್ರು ಕೇಳಿದರು. ಗೇಲಿ ಇರಲಿಲ್ಲ, ನಿಜವಾಗಿ ಕೇಳಿದರು.

ನಾನು ಹೇಳಿದೆ ಅಕ್ಕ. ನಮ್ಮೂರು ಶೆರಿಂಗಮ್‌ನ ಕಡಲ ದಂಡೆಯಲ್ಲಿ ಅಮ್ಮ ನಿಂತಿದ್ದರೆ ಅಪ್ಪ ದೋಣಿಯಿಂದಲೇ ಆ ಕೆಂಪನ್ನು ಗುರುತು ಹಿಡಿಯುತ್ತಿದ್ದ, ಮಂಜು ಮುಚ್ಚಿದ ದಿನ ಉಳಿದ ದೋಣಿಯವರೂ ಅದನ್ನೇ ನೋಡಿಕೊಂಡು ದಡಕ್ಕೆ ಬರುತ್ತಿದ್ದರು ಅಂತ. ಸಾಯುವ ಮುಂಚೆ ಪಾದ್ರಿಯ ಕೈಯಲ್ಲಿ "ನನ್ನ ಕೆಂಪು ಲಂಗ ಮಗಳು ಮಾರ್ಜರಿಗೆ" ಅಂತ ಬರೆಸಿದ್ದನ್ನೂ ಹೇಳಿದೆ. ನೀನು ಈಗಲೂ ಅದನ್ನು ಉಡುತ್ತೀಯ ಅಂತಲೂ ಹೇಳಿದೆ.

ಅಮ್ಮಾವ್ರು ರೇಷ್ಮೆಯನ್ನು ಯಜಮಾನರ ಕಡೆ ದೂಡಿದರು.

"ನಮ್ಮಪ್ಪ ಮಂಜಿಷ್ಠದ ತೊಟ್ಟಿಗೆ ಕೈ ಅದ್ದಿ ಅದ್ದಿ ಮೊಣಕೈ ತನಕ ಕೆಂಪಾಗಿದ್ದ. ಎಷ್ಟು ತಿಕ್ಕಿದ್ರೂ ಹೋಗ್ತಿರಲಿಲ್ಲ. ಸತ್ತಾಗ ಹೆಣದ ಕೈಯೂ ಕೆಂಪಗೇ ಇತ್ತು. ಆ ಕೈ ಹಿಡ್ಕೊಂಡೇ ನಾನು ಈ ಊರಲ್ಲಿ ನಡೆಯೋದು ಕಲ್ತಿದ್ದು. ಹೊಲಿ ಹುಡುಗ. ಸುತ್ತಲೂ ಕೆಂಪು. ಬಟ್ಟೆ ನಮ್ಮಪ್ಪನ ತೊಟ್ಟಿಯಿಂದಲೇ ಬರುತ್ತೆ, ಈಗ ನನ್ನ ತಮ್ಮ ನಡೆಸ್ತಿದಾನೆ."

ಅವರು ಹೋದ ಮೇಲೆ ಯಜಮಾನರು ಬಹಳ ಮೆಲ್ಲಗೆ ಹೇಳಿದರು. "ಊರು ನಕ್ಕರೆ, ಹಂಫ್ರಿ, ನೀನು ನಿಮ್ಮಪ್ಪನ ದೋಣಿಗೇ ಹೋಗ್ಬೇಕಾಗುತ್ತೆ." ಎಲ್ಲ ದಾರಿಯೂ ಆ ದೋಣಿಗೇ ಹೋಗುತ್ತದೆ ನೋಡು.

ಅಕ್ಕ, ಆ ಲಂಗವನ್ನು ನಾನು ಹೇಗೆ ಹೊಲಿದೆ ಅಂತ ಹೇಳಿಕೊಳ್ಳಬೇಕು, ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ? ಉಣ್ಣೆಯ ರೋಮ ಬೆಕ್ಕಿನ ಮೈಯ ಹಾಗೆ ಒಂದೇ ಕಡೆಗೆ ಮಲಗಿರುತ್ತದೆ. ಒಂದು ತುಂಡನ್ನು ತಲೆಕೆಳಗಾಗಿ ಕತ್ತರಿಸಿದರೂ ಬಿಸಿಲಿನಲ್ಲಿ ಎರಡು ಕೆಂಪು ಕಾಣುತ್ತದೆ. ನಾನು ಪ್ರತಿ ತುಂಡನ್ನೂ ಕೆನ್ನೆಗೆ ಒತ್ತಿ ನೋಡಿ ಕತ್ತರಿಸಿದೆ. ಬೆನ್ನ ಹಿಂದೆ ನೆರಿಗೆ ಒತ್ತಾಗಿ ಇಟ್ಟೆ, ಸೊಂಟದ ಬಳಿ ಬೆರಳು ತೂರದಷ್ಟು ಒತ್ತು. ಕೆಳಗೆ ಮಾತ್ರ ಗಂಟೆ ಬಾಯಿ ತೆರೆದ ಹಾಗೆ ಬಿಚ್ಚಿಕೊಳ್ಳಬೇಕು. ಅಂಚಿಗೆ ಕಪ್ಪು ಮಖಮಲ್ಲಿನ ಪಟ್ಟಿ, ಒಳಗಡೆ ಕಂಬಳಿಯ ಪಟ್ಟಿ, ನಡೆದಾಗ ಕಾಲಿಗೆ ಸುತ್ತಿಕೊಳ್ಳಬಾರದು ಅಂತ. ನಮ್ಮ ಹಲಗೆಯ ಕೆಳಗೆ ಕತ್ತರಿಸಿದ ಚೂರು ಬೀಳುವ ಗೂಡಿಗೆ 'ನರಕ' ಅಂತ ಹೆಸರು. ಅಲ್ಲಿಗೆ ಬಿದ್ದದ್ದು ಬಟ್ಟೆ ತಂದವರಿಗೆ ವಾಪಸ್ ಸಿಗುವುದಿಲ್ಲ, ದರ್ಜಿಯ ಹೆಂಡತಿಯ ಮೈಮೇಲೆ ಏಳುತ್ತದೆ. ಈ ಬಟ್ಟೆಯಲ್ಲಿ ಒಂದು ಅಂಗೈಯಷ್ಟೂ ನರಕಕ್ಕೆ ಹೋಗಲಿಲ್ಲ. ಯಜಮಾನರ ಹೆಂಡತಿ ಎರಡು ದಿನ ನನಗೆ ಬರೀ ಗಂಜಿ ಬಡಿಸಿದರು.

ನಿನ್ನೆ ಹಬ್ಬ. ಬೀದಿಗೆಲ್ಲ ಹಸಿ ಜೊಂಡು ಹಾಸಿದ್ದರು. ಕಿಟಕಿಗಳಲ್ಲಿ ಜಮಖಾನೆ ಇಳಿಬಿಟ್ಟಿದ್ದರು. ಮುಂದೆ ವಾದ್ಯದವರು, ಆಮೇಲೆ ಜನರ ಟೋಪಿ ಕಸಿಯುವ ಬಟ್ಟೆಯ ಡ್ರ್ಯಾಗನ್, ಆಮೇಲೆ ಕೆಂಪು ನಿಲುವಂಗಿಯ ಮೇಯರ್ ಮತ್ತು ಹಿರಿಯ ಸದಸ್ಯರು, ಅವರ ಹಿಂದೆ ಹೆಂಡಿರು. ಮುಂದಿನಿಂದ ನೋಡಿದರೆ ಎಲ್ಲರೂ ರೇಷ್ಮೆ: ಹಸಿರು, ಹಳದಿ, ಬೆಳ್ಳಿ ಹೂವು. ನಡುವೆ ಅರ್ಸುಲಾ ಅಮ್ಮಾವ್ರದು ಒಂದೇ ಬಣ್ಣದ ಉಣ್ಣೆ. ನನ್ನ ಪಕ್ಕದಲ್ಲಿ ನಿಂತಿದ್ದ ಇಬ್ಬರು ಹುಡುಗಿಯರು, "ಅಯ್ಯೋ ಪಾಪ, ಅಡುಗೆಯವಳ ಲಂಗ ಉಟ್ಕೊಂಡು ಬಂದ್ಬಿಟ್ಟಿದಾರೆ" ಅಂತ ಕಿಸಕ್ಕೆಂದರು. ಯಜಮಾನರು ನನ್ನ ಕಡೆ ನೋಡಲಿಲ್ಲ.

ದೊಡ್ಡ ಚರ್ಚಿನ ಮುಂದಿನ ಬಯಲಿಗೆ ಬರುವ ಹೊತ್ತಿಗೆ ಗಾಳಿ ಎದ್ದಿತು. ನಮ್ಮ ಕಡಲ ಕಡೆಯಿಂದ ಬರುವ ಗಾಳಿಯೇ, ಅದರ ವಾಸನೆ ನನಗೆ ಗೊತ್ತು. ಬೀದಿಯ ಸಂದಿಯಲ್ಲಿ ಸುಮ್ಮನಿದ್ದದ್ದು ಬಯಲಿಗೆ ಬಂದ ಕೂಡಲೇ ಹೆಂಗಸರ ಬೆನ್ನಿಗೆ ಬಿತ್ತು. ಮೆರವಣಿಗೆಯ ಗೌನುಗಳೆಲ್ಲ ಒಟ್ಟಿಗೆ ಮೇಲೆದ್ದು ಹೆಗಲ ತನಕ ಹೋದವು.

ನಾರ್ವಿಚ್ ಪೂರ್ತಿ ನೋಡಿತು ಅಕ್ಕ. ಸಾಲಾಗಿ ಕ್ಯಾನ್ವಾಸು. ಒಬ್ಬರದರಲ್ಲಿ ಮೂರು ಬಣ್ಣದ ತೇಪೆ. ಹಿರಿಯ ಸದಸ್ಯರೊಬ್ಬರ ಹೆಂಡತಿ ಗ್ರಿಸೆಲ್ ಅಮ್ಮನ ಲಂಗದ ಬೆನ್ನಿನಲ್ಲಂತೂ ಗಿರಣಿಯ ಗುರುತು ಅಚ್ಚೊತ್ತಿತ್ತು. ಪಾಪ, ಹಿಟ್ಟಿನ ಚೀಲ ಒಗೆದು ಹಾಕಿಬಿಟ್ಟಿದ್ದ ಯಾವನೋ ದರ್ಜಿ. ಯಾರೋ ಕೂಗಿದರು, "ಅಮ್ಮಾ, ಹಿಟ್ಟು ಹೆಂಗೆ ಕೊಡ್ತೀರಾ?" ಮೇಲಿನ ಕಿಟಕಿಯವರು ಹೊಟ್ಟೆ ಹಿಡಿದುಕೊಂಡರು. ಡ್ರ್ಯಾಗನ್ನಿನೊಳಗಿದ್ದವನು ನಗಲು ಹೋಗಿ ಬಿದ್ದ.

ಅದರ ನಡುವೆ ಅರ್ಸುಲಾ ಅಮ್ಮಾವ್ರ ಗೌನೂ ಎದ್ದಿತು. ಕೆಂಪು. ಪಕ್ಕದಲ್ಲೂ ಕೆಂಪು, ಬೆನ್ನಲ್ಲೂ ಕೆಂಪು. ಉಣ್ಣೆ ಭಾರ, ಗಾಳಿಗೆ ಹಾರಲಿಲ್ಲ, ನೆರಿಗೆ ನೆರಿಗೆಯಾಗಿ ತೂಗಿತು. ನಗು ಅಲ್ಲಿಗೆ ಬಂದು ನಿಂತುಹೋಯಿತು. ಅಮ್ಮಾವ್ರು ಗೌನನ್ನು ಕೆಳಗೆ ಎಳೆದುಕೊಳ್ಳಲೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ಹಾಗೇ ನಡೆದರು.

ಏಡಿ ಬುಟ್ಟಿ ಹೊತ್ತ ಒಬ್ಬ ಮುದುಕಿ ಅಂದಳು, "ಇದು ಲಂಗ. ಉಳಿದವು ಬರೀ ಪರದೆ." ಆ ಮಾತು ಬಾಯಿಂದ ಬಾಯಿಗೆ ಹೋಗಿ ಬಯಲಿನ ಆ ಕೊನೆ ಮುಟ್ಟಿತು. ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ನನ್ನನ್ನೇ ಕೇಳಿದಳು, "ಅದು ಯಾರು ಹೊಲಿದಿದ್ದು ಗೊತ್ತಾ ನಿಮಗೆ?" ನನ್ನ ಜೀವನದಲ್ಲಿ ಅಷ್ಟು ನಿಧಾನವಾಗಿ ನಾನು ಯಾವ ಉತ್ತರವನ್ನೂ ಕೊಟ್ಟಿಲ್ಲ. "ಗೊತ್ತು," ಅಂದೆ.

ಆಗ ಗ್ರಿಸೆಲ್ ಅಮ್ಮನ ಜೊಂಡಿನ ಬಳೆಯೊಂದು ಮುರಿದು ಲಂಗದ ಅಂಚನ್ನು ಹರಿದುಕೊಂಡು ಹೊರಗೆ ಚಾಚಿತು. ಆಕೆ ಹೆಜ್ಜೆ ಇಡಲಾರದೆ ನಿಂತು ಅಳತೊಡಗಿದರು. ಹಿಂದಿನವರು ಮುಂದೆ ಹೋಗುವಂತಿಲ್ಲ, ಮುಂದಿನವರು ನಿಲ್ಲುವಂತಿಲ್ಲ. ಅರ್ಸುಲಾ ಅಮ್ಮಾವ್ರು ಜನರ ಕಡೆ ತಿರುಗಿ ಆ ದಪ್ಪ ದನಿಯಲ್ಲಿ ಕರೆದರು, "ಹಂಫ್ರಿ, ಎಲ್ಲಿದೀಯೋ? ಬಾ ಇಲ್ಲಿ."

ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿ ನಾನು ಹೋದೆ. ಎಲ್ಲರ ಎದುರಿಗೆ, ನಡುಬೀದಿಯಲ್ಲಿ, ಜೊಂಡಿನ ಮೇಲೆ ಮೊಣಕಾಲೂರಿದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮುರಿದ ಬಳೆ ಎಳೆದು ತೆಗೆದೆ, ಅಂಚು ಮಡಚಿ ಕಚ್ಚಾ ಹೊಲಿಗೆ ಹಾಕಿದೆ, ಗಿರಣಿಯ ಗುರುತಿನ ಮೇಲೆ ಒಂದು ನೆರಿಗೆ ಎಳೆದು ಅದನ್ನು ಮುಚ್ಚಿಬಿಟ್ಟೆ. ಗ್ರಿಸೆಲ್ ಅಮ್ಮ ಬಗ್ಗಿ, "ದೇವರು ನಿನ್ನ ಚೆನ್ನಾಗಿಟ್ಟಿರಲಪ್ಪ" ಅಂತ ಪಿಸುಗುಟ್ಟಿದರು. ಅರ್ಸುಲಾ ಅಮ್ಮಾವ್ರು ಮಾತ್ರ ಪಿಸುಗುಟ್ಟಲಿಲ್ಲ. "ನನ್ನ ಲಂಗ ಹೊಲಿದೋನು ಇವನೇ. ಶೆರಿಂಗಮ್ ಊರಿನ ಮೀನುಗಾರನ ಮಗ. ನಾನು ಬಣ್ಣಗಾರನ ಮಗಳು. ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಈಗಲೇ ಕೇಳ್ಬಿಡಿ." ಮೆರವಣಿಗೆ ಮತ್ತೆ ಹೊರಟಿತು.

ಸಂಜೆ ಅಂಗಡಿಯ ಬಾಗಿಲಲ್ಲಿ ದೊಡ್ಡ ಮನೆಗಳ ಸೇವಕಿಯರು ಸಾಲು ನಿಂತರು. ಎಲ್ಲರ ಯಜಮಾನಿತಿಗೂ ಸುತ್ತಲೂ ಕೆಂಪಿರುವ ಲಂಗ ಬೇಕಂತೆ. ಯಜಮಾನರು ಒಬ್ಬೊಬ್ಬಳಿಗೂ ಹೇಳಿದರು, "ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ, ಬೆನ್ನಿಗೆ ಕ್ಯಾನ್ವಾಸು ಹಾಕ್ಬಾರದು ಅಂತ." ನಾನು ಹಲಗೆಯ ಮೇಲೆ ಕೂತು ಕೇಳಿಸಿಕೊಂಡೆ. ಆಮೇಲೆ ಅವರೇ ಒಂದು ಲೋಟ ಏಲ್ ಮದ್ಯ ಸುರಿದುಕೊಟ್ಟು ಹೇಳಿದರು, "ಸೆಪ್ಟೆಂಬರಲ್ಲಿ ಮಿಕೇಲ್ ಹಬ್ಬಕ್ಕೆ ನಿನ್ನನ್ನ ದರ್ಜಿಗಳ ಸಂಘದ ಮುಂದೆ ನಿಲ್ಲಿಸ್ತೀನಿ. ಇವನು ಸ್ವಂತ ದರ್ಜಿ ಆಗೋಕೆ ಯೋಗ್ಯ ಅಂತ ನನ್ನ ಬಾಯಲ್ಲೇ ಹೇಳ್ತೀನಿ." ಅವರ ಹೆಂಡತಿ ಗಂಜಿಯ ಬದಲು ಮಾಂಸದ ಕಡುಬು ಬಡಿಸಿದರು. ಪೂರ್ತಿ ತಿಂದೆ.

ಆದ್ದರಿಂದ ಅಕ್ಕ, ದೋಣಿಯ ಜಾಗ ಬೇರೆ ಯಾರಿಗಾದರೂ ಕೊಡಲು ಚಿಕ್ಕಪ್ಪನಿಗೆ ಹೇಳು. ಮರ್ಯಾದೆಯಿಂದಲೇ ಹೇಳು, ಅವನು ಒಳ್ಳೆಯ ಮನಸ್ಸಿನಿಂದ ಕರೆದಿದ್ದ. ಆ್ಯನಿಸ್‌ಗೆ ಒಂದು ಪುಟ್ಟ ಲಂಗ ಕತ್ತರಿಸಿಟ್ಟಿದ್ದೇನೆ, ಚಳಿ ಬೀಳುವ ಮುಂಚೆ ಕಳಿಸುತ್ತೇನೆ. ಮಗು ಗಟ್ಟಿಯಾಗಿ ಬೆಳೆಯಲಿ. ಭಾವನಿಗೆ ನನ್ನ ನಮಸ್ಕಾರ. ನೀನು ನನ್ನ ಮೇಲೆ ಸಿಟ್ಟಿಟ್ಟುಕೊಳ್ಳದೆ ನಿನ್ನ ಪ್ರಾರ್ಥನೆಯಲ್ಲಿ ನನ್ನ ಹೆಸರು ಸೇರಿಸು.

ನಿನ್ನ ಆಶೀರ್ವಾದ ಬೇಡುವ ತಮ್ಮ,
ಹಂಫ್ರಿ, ದರ್ಜಿ

ಮತ್ತೆ: ಹೆಸರು ಬರೆದು ಮಡಚಿದ್ದೆ. ಅಪ್ಪನ ವಿಷಯ ಬರೆಯದೆ ಕಳಿಸಿಬಿಡೋಣ ಅಂದುಕೊಂಡಿದ್ದೆ. ಆಗಲಿಲ್ಲ, ಬಿಚ್ಚಿದೆ.

ಬೀದಿಯಲ್ಲಿ ಮೊಣಕಾಲೂರಿ ಕೂತಾಗ ನನ್ನ ಕಣ್ಣಿನ ಮಟ್ಟಕ್ಕೆ ಜನರ ಕಾಲುಗಳಿದ್ದವು. ಅದರಲ್ಲಿ ಒಂದು ಜೊತೆ ಬೂಟು ಟಾರು ಮೆತ್ತಿದ್ದು, ಎಡಗಾಲಿನದಕ್ಕೆ ಬಲೆಯ ದಾರ ಕಟ್ಟಿದ್ದು. ತಲೆ ಎತ್ತಿದೆ. ಅಪ್ಪ ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದ. ಪಕ್ಕದಲ್ಲಿ ಮೀನು ಸಾಹುಕಾರ ಕ್ರಿಸ್ಪಿನ್. ಅರ್ಸುಲಾ ಅಮ್ಮಾವ್ರು 'ಮೀನುಗಾರನ ಮಗ' ಅಂದದ್ದನ್ನು ಇಬ್ಬರೂ ಕೇಳಿಸಿಕೊಂಡಿದ್ದರು.

"ಬಾರ್ನಬಿ," ಅಂದ ಸಾಹುಕಾರ, "ಶೆರಿಂಗಮ್ ಅಂದ್ರಲ್ಲ, ಅವನು ನಿನ್ನ ಮಗ ಅಲ್ವೇನೋ?"

ಅಪ್ಪ ನನ್ನ ಮುಖ ನೋಡಿಕೊಂಡೇ ಹೇಳಿದ. "ಅಲ್ಲ. ನನ್ನ ಮಗ ಯಾರ್ಮತ್‌ನಲ್ಲಿ ಹಡಗಿನ ಹಾಯಿ ಹೊಲೀತಾನೆ."

ನನ್ನ ಬಾಯಿ ತುಂಬ ಗುಂಡುಸೂಜಿ. ಬಾಯಿ ತೆರೆದರೆ ಅವು ಉದುರುತ್ತವೆ, ಆ ಹೆಂಗಸು ಇಡೀ ಊರಿನ ಮುಂದೆ ಮತ್ತೆ ಬಿಚ್ಚಿಹೋಗುತ್ತಾಳೆ. ತಲೆ ತಗ್ಗಿಸಿ ಹೊಲಿಗೆ ಮುಗಿಸಿದೆ. ಒಂದು ಹೊಲಿಗೆಯೂ ಓರೆ ಬೀಳಲಿಲ್ಲ. ಮತ್ತೆ ನೋಡಿದಾಗ ಅಲ್ಲಿ ಬೇರೆ ಯಾರದೋ ಕಾಲುಗಳಿದ್ದವು.

ಅಷ್ಟು ಸಲೀಸಾಗಿ ಆ ಮಾತು ಹೇಗೆ ಬಂತು ಅಕ್ಕ? ಮೊದಲ ಸಲ ಹೇಳುವವನ ಹಾಗೆ ಇರಲಿಲ್ಲ. ಊರಿನಲ್ಲೆಲ್ಲ ಹಾಗೇ ಹೇಳಿಕೊಂಡಿದ್ದಾನಾ? ಯಾರಾದರೂ ನಿನ್ನನ್ನು ಕೇಳಿದಾಗ ನೀನೂ ಹೂಂ ಅಂದಿದ್ದೀಯಾ? ಇದೊಂದಕ್ಕೆ ನಿಜವಾದ ಉತ್ತರ ಬರಿ. ಸುಳ್ಳು ಬರೆಯುವುದಾದರೆ ಬರೆಯಬೇಡ.

ಅಪ್ಪ ಇನ್ನೂ ಊರಿಗೆ ಹೊರಟಿಲ್ಲ. ಉಳಿದ ಏಡಿ ಮಾರಿಕೊಂಡು ಮೀನುಕಟ್ಟೆಯಲ್ಲಿ ಕೂತಿದ್ದಾನೆ, ಈಗಷ್ಟೇ ನಮ್ಮ ಮನೆ ಕೆಲಸದವಳು ನೋಡಿ ಬಂದಳು. ಅರ್ಸುಲಾ ಅಮ್ಮಾವ್ರ ಲಂಗ ಮಣ್ಣು ಕೊಡವಲು ಬಂದಿತ್ತು, ಕೊಡವಿ ಆಗಿದೆ, ಮುಟ್ಟಿಸಬೇಕು. ಹೆಂಗಸರ ಒಳಬಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಹಿಂದಿನ ಓಣಿಯಲ್ಲಿ ಹೋಗುವುದು ನಮ್ಮಲ್ಲಿ ಪದ್ಧತಿ. ಇವತ್ತು ಹೆಗಲ ಮೇಲೆ ಹಾಕಿಕೊಳ್ಳುತ್ತೇನೆ. ಮೀನುಕಟ್ಟೆಯ ನಡುವೆಯೇ ಹೋಗುತ್ತೇನೆ. ಅಪ್ಪನ ಬುಟ್ಟಿಯ ಮುಂದೆ ನಿಂತು, ಸಾಹುಕಾರನಿಗೂ ಕೇಳಿಸುವ ಹಾಗೆ 'ಅಪ್ಪಾ' ಅಂತ ಕರೆದು, ಈ ಪತ್ರ ಅಕ್ಕನಿಗೆ ಕೊಡು ಅನ್ನುತ್ತೇನೆ. ಅವನು ಅದನ್ನು ಓದಲಾರ. ತೆಗೆದುಕೊಳ್ಳುವುದು ಬಿಡುವುದು ಮಾತ್ರ ಅವನ ಕೈಯಲ್ಲಿದೆ.

ಇದು ನಿನಗೆ ಅಪ್ಪನ ಕೈಯಿಂದ ಬಂದರೆ ಅವನಿಗೆ ಬಿಸಿಯಾಗಿ ಏನಾದರೂ ಮಾಡಿ ಹಾಕು, ಏನೂ ಕೇಳಬೇಡ. ಗಾಡಿಯ ನೆಡ್ ಕೈಯಿಂದ ಬಂದರೆ, ಆಗಲೂ ಏನೂ ಕೇಳಬೇಡ.

ಚೀಲ ಬಿಟ್ಟು ಹೋಗ್ತಿದೀಯಲ್ಲೋ ಅಂತ ಯಜಮಾನರು ಒಳಗಿನಿಂದ ಕೂಗುತ್ತಿದ್ದಾರೆ. ಕೂಗಲಿ. ಲಂಗ ಹೆಗಲ ಮೇಲಿದೆ. ಇಗೋ, ಬಾಗಿಲು ಎಳೆದುಕೊಂಡು ಹೊರಟೆ.